ಕಾಲಿಂದ ಶುರುವಾಗುವ ತೈಚಿ: ಹೊಸಬರಿಗೆ ಮೊದಲ ಆರು ತಿಂಗಳ ಅಭ್ಯಾಸ

ಕುಕ್ಕರಹಳ್ಳಿ ಕೆರೆ ಕಡೆ ಬೆಳಿಗ್ಗೆ ವಾಕ್ ಬರುವವರು ನಮ್ಮನ್ನು ಕಂಡರೆ ಒಂದು ನಿಮಿಷ ನಿಲ್ಲುತ್ತಾರೆ. ನೋಡುತ್ತಾರೆ. ಆಮೇಲೆ ಎರಡೂ ಕೈಯನ್ನು ಗಾಳಿಯಲ್ಲಿ ನಿಧಾನಕ್ಕೆ ಆಡಿಸಿ, "ಇದೇ ಅಲ್ವಾ ಸಾರ್ ತೈಚಿ?" ಎಂದು ಕೇಳುತ್ತಾರೆ. ನಾನು ಅವರ ಕೈ ನೋಡುವುದಿಲ್ಲ, ಕಾಲು ನೋಡುತ್ತೇನೆ. ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿಕೊಂಡು ಗಟ್ಟಿಯಾಗಿ ನಿಂತಿರುತ್ತಾರೆ. ಕೈ ಮಾತ್ರ ಓಡಾಡುತ್ತಿರುತ್ತದೆ.

ಈ ಬರಹದಲ್ಲಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ತೈಚಿ ಅಂದರೆ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿಯಾಗಿ, ಚೆಲ್ಲದ ಹಾಗೆ ಸಾಗಿಸುವ ಕಲೆ. ಅದು ಬಂದಮೇಲೆ ಕೈ ತಾನಾಗಿ ಬರುತ್ತದೆ. ಬರದೆ ಇದ್ದರೆ ಎಷ್ಟು ವರ್ಷ ಕೈ ಆಡಿಸಿದರೂ ಅಷ್ಟೇ.

ಇದು ನನಗೆ ಗೊತ್ತಾದದ್ದು ಮಂಡಿ ನೋವಿನಿಂದ. ಮೊದಲ ವರ್ಷ ನಾನು ವಿಡಿಯೋ ನೋಡಿ ಕಲಿತೆ. ಕೈಯ ಚಲನೆ ಎಲ್ಲಾ ಬಾಯಿಪಾಠದ ಹಾಗೆ ಬಂದುಬಿಟ್ಟಿತ್ತು. ಎಂಟನೇ ತಿಂಗಳಲ್ಲಿ ಎಡ ಮಂಡಿಯ ಒಳಬದಿ ಚುಚ್ಚಲು ಶುರುವಾಯಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಯಿತು. ಫಿಸಿಯೋಥೆರಪಿಸ್ಟ್ "ಮಾಡಿ ತೋರಿಸಿ" ಅಂದರು. ಎರಡು ಹೆಜ್ಜೆ ಹಾಕುವಷ್ಟರಲ್ಲಿ ತಡೆದರು. ಎಡಗಾಲಿನ ಮೇಲೆ ಮೈಭಾರ ಇಟ್ಟುಕೊಂಡೇ ಪಾದ ತಿರುಗಿಸುತ್ತಿದ್ದೆ. ಪಾದ ನೆಲಕ್ಕೆ ಅಂಟಿರುತ್ತದೆ, ಸೊಂಟ ತಿರುಗುತ್ತದೆ. ನಡುವೆ ಸಿಕ್ಕಿಕೊಂಡ ಮಂಡಿ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತಿತ್ತು. ಆರು ವಾರ ಸುಮ್ನೆ ಕೂತೆ. ಆಮೇಲೆ ಒಬ್ಬ ಗುರುಗಳ ಬಳಿ ಮತ್ತೆ ಮೊದಲಿಂದ, ಅಂದರೆ ನಿಲ್ಲುವುದರಿಂದ, ಕಲಿತೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು, ಹಿನ್ನೆಲೆ

ನಾವು ತೈಚಿ ಅನ್ನುವುದರ ಪೂರ್ತಿ ಹೆಸರು ತೈಜಿಚುವಾನ್. ಇಲ್ಲಿನ ‘ಜಿ’ಗೂ, ಪ್ರಾಣಶಕ್ತಿ ಎಂಬ ಅರ್ಥದ ‘ಚಿ’ಗೂ ಸಂಬಂಧವಿಲ್ಲ. ಚೀನೀ ಭಾಷೆಯಲ್ಲಿ ಎರಡೂ ಬೇರೆ ಬೇರೆ ಅಕ್ಷರ. ‘ತೈಜಿ’ ಅಂದರೆ ಪರಮ ತುದಿ. ಯಿನ್ ಮತ್ತು ಯಾಂಗ್ ಎಂಬ ಎದುರುಬದುರು ಶಕ್ತಿಗಳು ಹುಟ್ಟುವ ಮೂಲ. ‘ಚುವಾನ್’ ಅಂದರೆ ಮುಷ್ಟಿ. ಮುಷ್ಟಿ ಅಂದರೆ ಕಾಳಗ ಎಂದು ಮೈಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುವ ಊರು ಇದು. ತೈಜಿಯೂ ಹುಟ್ಟಿದ್ದು ಕಾಳಗದ ವಿದ್ಯೆಯಾಗಿಯೇ. ನಿಧಾನ ಎಂಬುದು ಅದನ್ನು ಕಲಿಯುವ ದಾರಿ.

ಚೀನಾದ ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಎಂಬ ಹಳ್ಳಿಯ ಚೆನ್ ಮನೆತನದಲ್ಲಿ 17ನೇ ಶತಮಾನದಿಂದ ಬೆಳೆದ ವಿದ್ಯೆ ಇದು. ಆ ಹಳ್ಳಿಯಲ್ಲಿ ಕಲಿತ ಯಾಂಗ್ ಲುಚಾನ್ (1799–1872) ಇದನ್ನು ಬೀಜಿಂಗ್‌ಗೆ ಒಯ್ದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು (1883–1936) ಚಲನೆಗಳನ್ನು ಅಗಲ ಮಾಡಿ, ವೇಗ ಒಂದೇ ಸಮ ಮಾಡಿ, ಎಲ್ಲರೂ ಕಲಿಯುವ ಹಾಗೆ ಮಾಡಿದ. ಇಂದು ಚೆನ್, ಯಾಂಗ್, ಸುನ್ ಮತ್ತು ಎರಡು ವೂ ಶೈಲಿ ಸೇರಿ ಐದು ಮುಖ್ಯ ಶೈಲಿಗಳಿವೆ. 1956ರಲ್ಲಿ ಚೀನಾದ ಕ್ರೀಡಾ ಇಲಾಖೆ ಯಾಂಗ್ ಶೈಲಿಯಿಂದ ಆರಿಸಿ 24 ಭಂಗಿಗಳ ಚಿಕ್ಕ ವರಸೆ ಮಾಡಿತು. ಪಾರ್ಕುಗಳಲ್ಲಿ ನೀವು ನೋಡುವುದು ಜಾಸ್ತಿ ಅದೇ. 2020ರಲ್ಲಿ ಯುನೆಸ್ಕೋ ತೈಜಿಚುವಾನ್ ಅನ್ನು ಪರಂಪರೆಯ ಪಟ್ಟಿಗೆ ಸೇರಿಸಿತು.

ಯಾವ ಶೈಲಿ ಒಳ್ಳೆಯದು ಎಂದು ತುಂಬಾ ಜನ ಕೇಳುತ್ತಾರೆ. ನಿಮ್ಮ ಊರಲ್ಲಿ ಯಾರು ಸರಿಯಾಗಿ ಕಲಿಸುತ್ತಾರೋ ಅವರ ಶೈಲಿ ಒಳ್ಳೆಯದು. ಮೊದಲ ಆರು ತಿಂಗಳ ಕೆಲಸ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ.

ಜಾಗ, ಹೊತ್ತು, ಕಾಲಿಗೆ ಏನು

ಎಂಟು ಅಡಿ ಉದ್ದ, ಆರು ಅಡಿ ಅಗಲದ ಸಮತಟ್ಟು ಜಾಗ ಸಾಕು. ಮನೆಯ ತಾರಸಿ, ಹಾಲ್, ಪಾರ್ಕಿನ ಕಲ್ಲುಹಾಸು ಯಾವುದಾದರೂ ಆದೀತು. ಮಳೆಗಾಲದಲ್ಲಿ ಒದ್ದೆ ಗ್ರಾನೈಟ್ ಮತ್ತು ಪಾಚಿ ಕಟ್ಟಿದ ಕಲ್ಲು ಬೇಡವೇ ಬೇಡ. ಬರಿಗಾಲು ಒಳ್ಳೆಯದು. ಚಳಿಗಾಲದಲ್ಲಿ ತೆಳು ಅಟ್ಟೆಯ ಕ್ಯಾನ್ವಾಸ್ ಶೂ ಹಾಕಿ. ದಪ್ಪ ಅಟ್ಟೆಯ ಓಟದ ಶೂ ಹಾಕಿದರೆ ನೆಲವೇ ಗೊತ್ತಾಗುವುದಿಲ್ಲ. ಊಟವಾಗಿ ಒಂದೂವರೆ ಗಂಟೆ ಕಳೆದಿರಲಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದ ದಿನ ನಿಲ್ಲುವ ಅಭ್ಯಾಸ ಬಿಡಿ. ತೊಡೆ ಸೋತಿರುವಾಗ ಭಾರವೆಲ್ಲ ಮಂಡಿಗೆ ಬೀಳುತ್ತದೆ.

ಮೊದಲ ತಿಂಗಳು: ನಿಲ್ಲುವುದು

ಚೀನೀ ಭಾಷೆಯಲ್ಲಿ ಇದನ್ನು ಝಾನ್ ಝುವಾಂಗ್ ಅನ್ನುತ್ತಾರೆ. ನೆಟ್ಟ ಕಂಬದ ಹಾಗೆ ನಿಲ್ಲುವುದು ಎಂದು ಅರ್ಥ. ನಾನು ಕಲಿಸುವ ಗುಂಪಿಗೆ ಬಂದ ಒಬ್ಬರು ನಿವೃತ್ತ ಮೇಷ್ಟ್ರು ಮೂರನೇ ದಿನ ಕೇಳಿದರು: "ಬರೀ ನಿಂತ್ಕೊಳ್ಳೋಕೆ ಐದೂವರೆಗೆ ಎದ್ದು ಬರಬೇಕೇನಪ್ಪಾ?" ಬರಬೇಕು ಮೇಷ್ಟ್ರೇ ಅಂದೆ. ಎರಡು ವಾರ ಕಳೆದಮೇಲೆ ಅವರೇ ಬಂದು, ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತಿದ್ದೆ ಎಂದು ಹೇಳಿದರು.

ಪಾದಗಳನ್ನು ಭುಜದಷ್ಟು ಅಗಲಕ್ಕೆ ಇಡಿ. ಎರಡೂ ಪಾದ ನೇರ ಮುಂದಕ್ಕೆ ನೋಡುತ್ತಿರಲಿ. ನಮ್ಮಲ್ಲಿ ತುಂಬಾ ಜನರ ಪಾದ ಹೊರಕ್ಕೆ ತಿರುಗಿರುತ್ತದೆ, ಒಮ್ಮೆ ಕೆಳಗೆ ನೋಡಿ ಸರಿಮಾಡಿಕೊಳ್ಳಿ. ಅಂಗಾಲಿನಲ್ಲಿ ಮೂರು ಕಡೆ ಭಾರ ಇರಬೇಕು: ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ. ಮೂರು ಕಲ್ಲಿನ ಒಲೆ ನೆನಪು ಮಾಡಿಕೊಳ್ಳಿ. ಒಂದು ಕಲ್ಲು ಕೆಳಗಾದರೂ ಪಾತ್ರೆ ವಾಲುತ್ತದೆ.

ಈಗ ಮಂಡಿ ಸ್ವಲ್ಪ ಸಡಿಲಿಸಿ. ಮಂಡಿ ಬಗ್ಗಿಸಿ ಎಂದು ಹೇಳುತ್ತಿಲ್ಲ. ತೊಡೆ ಮತ್ತು ಹೊಟ್ಟೆ ಸೇರುವ ಮಡಿಕೆ ಇದೆಯಲ್ಲ, ತೊಡೆಸಂದು, ಅಲ್ಲಿ ಮಡಚಬೇಕು. ಎತ್ತರದ ಸ್ಟೂಲಿನ ಅಂಚಿಗೆ ಆಗತಾನೆ ಕೂರುತ್ತಿರುವ ಹಾಗೆ ಎರಡು ಇಂಚು ಕೆಳಗಿಳಿಯಿರಿ. ಮಂಡಿ ತಾನಾಗಿ ಬಗ್ಗುತ್ತದೆ. ಬೆರಳ ತುದಿ ದಾಟಿ ಮುಂದೆ ಹೋಗಬಾರದು. ಬಾಲಮೂಳೆ ನೆಲದ ಕಡೆ ತೂಗಲಿ. ಹಿಂದಕ್ಕೆ ಚಾಚಬಾರದು, ಬಲವಂತವಾಗಿ ಮುಂದಕ್ಕೂ ಎಳೆಯಬಾರದು.

ತಲೆ ಹೇಗಿರಬೇಕು? ಹಳ್ಳಿಯಲ್ಲಿ ತಲೆಯ ಮೇಲೆ ಸಿಂಬಿ ಇಟ್ಟು ತುಂಬಿದ ಕೊಡ ಹೊತ್ತು ಬರುವ ಹೆಂಗಸರನ್ನು ನೋಡಿದ್ದೀರಲ್ಲ. ಕೊಡ ಕೆಳಕ್ಕೆ ಒತ್ತುತ್ತದೆ, ಅವರ ನೆತ್ತಿ ಮೇಲಕ್ಕೆ ಹೋಗುತ್ತದೆ. ಕತ್ತಿನ ಹಿಂಭಾಗ ಉದ್ದವಾಗಿ, ಗದ್ದ ಒಂದು ಚೂರು ಒಳಗೆ ಬಂದಿರುತ್ತದೆ. ಮುಖದಲ್ಲಿ ಬಿಗುವಿಲ್ಲ, ಪಕ್ಕದವರೊಂದಿಗೆ ಮಾತಾಡುತ್ತಲೇ ಬರುತ್ತಾರೆ. ಯಾಂಗ್ ಚೆಂಗ್‌ಫು ಹೇಳಿದ ಹತ್ತು ಸೂತ್ರಗಳಲ್ಲಿ ಮೊದಲನೆಯದು ಇದೇ: ನೆತ್ತಿ ಹಗುರವಾಗಿ ಮೇಲೇಳಲಿ. ಕೊಡ ಹೊತ್ತವರಷ್ಟು ಚೆನ್ನಾಗಿ ಇದನ್ನು ತೋರಿಸಿಕೊಟ್ಟವರನ್ನು ನಾನು ನೋಡಿಲ್ಲ.

ಕೈಗಳನ್ನು ಎದೆಯ ಮುಂದೆ, ದೊಡ್ಡ ಬಿಂದಿಗೆ ಅವುಚಿಕೊಂಡ ಹಾಗೆ ದುಂಡಗೆ ಹಿಡಿಯಿರಿ. ಬೆರಳುಗಳು ಒಂದನ್ನೊಂದು ನೋಡುತ್ತಿರಲಿ, ನಡುವೆ ಒಂದು ಗೇಣು ಜಾಗ ಇರಲಿ. ಮೊಣಕೈ ಮಣಿಕಟ್ಟಿಗಿಂತ ಕೆಳಗಿರಬೇಕು. ಕಂಕುಳಲ್ಲಿ ಒಂದು ನಿಂಬೆಹಣ್ಣು ಹಿಡಿಸುವಷ್ಟು ಜಾಗ. ಎದೆ ಉಬ್ಬಿಸಬೇಡಿ. ಪೆರೇಡಿನಲ್ಲಿ ಕಲಿತದ್ದು ಇಲ್ಲಿ ಬರುವುದಿಲ್ಲ. ಕಣ್ಣು ತೆರೆದಿರಲಿ, ದೂರದ ಮರವನ್ನು ಸುಮ್ನೆ ನೋಡುತ್ತಿರಲಿ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ.

ಮೊದಲ ವಾರ ಮೂರು ನಿಮಿಷ. ವಾರಕ್ಕೊಂದು ನಿಮಿಷ ಸೇರಿಸಿ. ಹತ್ತು ನಿಮಿಷ ತಲುಪಿದರೆ ತುಂಬಾ ಆಯಿತು. ತೊಡೆ ನಡುಗುತ್ತದೆ, ಅದು ಸರಿ. ಬೆವರು ಬರುತ್ತದೆ, ಅದೂ ಸರಿ. ಮಂಡಿಯೊಳಗೆ ಚುಚ್ಚಿದರೆ ಮಾತ್ರ ತಕ್ಷಣ ಮೇಲೇಳಿ.

ನಿಂತಿರುವಾಗ ಮಾಡಬೇಕಾದ ಕೆಲಸ ಒಂದಿದೆ. ಮೇಲಿಂದ ಕೆಳಕ್ಕೆ ಒಂದೊಂದೇ ಜಾಗವನ್ನು ಸಡಿಲಿಸುತ್ತಾ ಬರುವುದು. ಹುಬ್ಬು, ದವಡೆ, ಭುಜ, ಹೊಟ್ಟೆ, ತೊಡೆಸಂದು. ಉಸಿರು ಬಿಡುವಾಗ ಒಂದು ಜಾಗ. ಸಡಿಲ ಅಂದರೆ ಜೋಲು ಬೀಳುವುದಲ್ಲ. ಒಣಗಲು ಹಾಕಿದ ಸೀರೆ ತಂತಿಯ ಮೇಲೆ ತೂಗುತ್ತದೆ, ತಂತಿ ಗಟ್ಟಿಯಾಗಿಯೇ ಇರುತ್ತದೆ. ಮೂಳೆಗಳು ತಂತಿ, ಮಾಂಸಖಂಡ ಸೀರೆ. ಭುಜವನ್ನು ಇಳಿಸಿ ಎರಡು ನಿಮಿಷದಲ್ಲಿ ನೋಡಿ, ನಿಮಗೆ ಗೊತ್ತಿಲ್ಲದೆ ಮತ್ತೆ ಕಿವಿಯ ಹತ್ತಿರ ಬಂದಿರುತ್ತದೆ. ಆಗ ಬೇಸರ ಬೇಡ. ಮತ್ತೆ ಇಳಿಸಿ. ಅಭ್ಯಾಸ ಅಂದರೆ ಇದೇ.

ಯೋಗ ಮಾಡುವವರಿಗೆ ಒಂದು ಮಾತು. ಮೈಸೂರಿನಲ್ಲಿ ನನ್ನ ಬಳಿ ಬರುವವರಲ್ಲಿ ಅರ್ಧಕ್ಕರ್ಧ ಜನ ಯೋಗ ಬಲ್ಲವರೇ. ಅವರು ಎರಡು ಅಭ್ಯಾಸ ಜೊತೆಗೆ ತರುತ್ತಾರೆ. ಒಂದು, ಮೈಯನ್ನು ಕೊನೆಯ ತುದಿಯವರೆಗೆ ಎಳೆಯುವುದು. ಇನ್ನೊಂದು, ಉಸಿರನ್ನು ಎಣಿಸುವುದು. ಇಲ್ಲಿ ಎರಡೂ ಬೇಡ. ಕೈಕಾಲು ಹತ್ತರಲ್ಲಿ ಏಳು ಪಾಲಿನಷ್ಟೇ ಚಾಚಬೇಕು, ಕೀಲು ಯಾವತ್ತೂ ಪೂರ್ತಿ ನೆಟ್ಟಗಾಗಬಾರದು. ಉಸಿರು ಮೂಗಿನಲ್ಲಿ, ಸಹಜವಾಗಿ, ಕಿಬ್ಬೊಟ್ಟೆಯವರೆಗೆ ಹೋಗಲಿ. ಚಲನೆಗೆ ಉಸಿರು ಜೋಡಿಸುವ ವಿಷಯ ಮೊದಲ ವರ್ಷ ತಲೆಗೆ ಹಾಕಿಕೊಳ್ಳಬೇಡಿ.

ಎರಡನೇ ತಿಂಗಳು: ತುಂಬಿದ ಕಾಲು, ಖಾಲಿ ಕಾಲು

ನಿಂತಲ್ಲೇ ಭಾರವನ್ನು ಎಡಕ್ಕೂ ಬಲಕ್ಕೂ ಸಾಗಿಸುವುದು. ನೋಡಲು ಏನೂ ಅಲ್ಲ. ಆದರೆ ನಿಮ್ಮ ಅನಿಸಿಕೆಗೂ ನಿಜಕ್ಕೂ ಎಷ್ಟು ಅಂತರ ಎಂದು ತಿಳಿಯಲು ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ತೂಕ ನೋಡುವ ಮಷೀನ್ ಎರಡು ಬೇಕು. ಒಂದು ನಿಮ್ಮದು, ಒಂದು ಪಕ್ಕದ ಮನೆಯದು. ಒಂದೊಂದರ ಮೇಲೆ ಒಂದೊಂದು ಕಾಲಿಡಿ. 60 ಕೆಜಿ ಇದ್ದರೆ ಎರಡೂ 30 ತೋರಿಸಬೇಕು. ಈಗ ಕಣ್ಣು ಮುಚ್ಚಿ, ಭಾರವನ್ನೆಲ್ಲ ಬಲಗಾಲಿಗೆ ಸಾಗಿಸಿ. ಪೂರ್ತಿ ಆಯಿತು ಅನಿಸಿದಾಗ ಪಕ್ಕದವರಿಗೆ ಓದಲು ಹೇಳಿ. ನಾನು ಮೊದಲ ಸಲ ಮಾಡಿದಾಗ ಎಡಗಡೆ ಇನ್ನೂ 9 ಕೆಜಿ ಉಳಿದಿತ್ತು. ಆ 9 ಕೆಜಿಯೇ ನನ್ನ ಮಂಡಿಯನ್ನು ತಿಂದದ್ದು ಎಂದು ಅವತ್ತು ಅರ್ಥವಾಯಿತು. ಖಾಲಿ ಅಂದುಕೊಂಡ ಕಾಲು ಖಾಲಿಯಾಗಿರಲಿಲ್ಲ.

ಭಾರ ಸಾಗಿಸುವಾಗ ತಲೆ ಮೇಲೆ ಕೆಳಗೆ ಆಗಬಾರದು. ಸೊಂಟ ಪಕ್ಕಕ್ಕೆ ಉಬ್ಬಬಾರದು. ಕಿಬ್ಬೊಟ್ಟೆಯೊಳಗೆ, ಹೊಕ್ಕುಳಿನಿಂದ ಮೂರು ಬೆರಳು ಕೆಳಗೆ, ಒಂದು ಜಾಗವನ್ನು ಚೀನೀಯರು ದಾನ್‌ತಿಯೆನ್ ಅನ್ನುತ್ತಾರೆ. ಅಲ್ಲಿ ಒಂದು ತುಂಬಿದ ಚೆಂಬು ಇದೆ ಎಂದುಕೊಳ್ಳಿ. ನೀರು ತುಳುಕದ ಹಾಗೆ ಅದನ್ನು ಒಂದು ಕಾಲಿನ ಮೇಲಿಂದ ಇನ್ನೊಂದರ ಮೇಲಕ್ಕೆ ಒಯ್ಯಬೇಕು. ಒಂದು ಕಡೆಗೆ ನಾಲ್ಕು ಸೆಕೆಂಡ್, ವಾಪಸ್ ನಾಲ್ಕು ಸೆಕೆಂಡ್. ದಿನಕ್ಕೆ 20 ಸಲ.

ಆಮೇಲೆ ಒಂದು ಕಾಲು ಮುಂದಿಟ್ಟು ಇದನ್ನೇ ಮಾಡಿ. ಮುಂದಿನ ಮಂಡಿ ಬಗ್ಗಿದ, ಹಿಂದಿನ ಕಾಲು ಉದ್ದವಾದ ಈ ನಿಲುವಿಗೆ ಬಿಲ್ಲಿನ ನಿಲುವು ಎಂದು ಹೆಸರು. ಇದರಲ್ಲಿ ಸುಮಾರು 70 ಪಾಲು ಭಾರ ಮುಂದೆ, 30 ಪಾಲು ಹಿಂದೆ. 60 ಕೆಜಿಯವರಿಗೆ 42 ಮತ್ತು 18. ಪಾದಗಳು ಒಂದೇ ಗೆರೆಯ ಮೇಲೆ ಇರಬಾರದು, ರೈಲು ಹಳಿಯ ಹಾಗೆ ಎರಡು ಗೆರೆಗಳ ಮೇಲೆ ಇರಬೇಕು. ಒಂದೇ ಗೆರೆಯಾದರೆ ಯಾರಾದರೂ ಪಕ್ಕದಿಂದ ಬೆರಳಲ್ಲಿ ತಳ್ಳಿದರೂ ಬೀಳುತ್ತೀರಿ.

ಮೂರನೇ ತಿಂಗಳು: ನಡೆಯುವುದು

ನನ್ನ ಸೋದರಮಾವನ ಗದ್ದೆ ಮಂಡ್ಯ ಕಡೆ, ವಿ.ಸಿ. ನಾಲೆಯ ಬಯಲಿನಲ್ಲಿದೆ. ಚಿಕ್ಕವನಿದ್ದಾಗ ನಾಟಿ ಸಮಯದಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಬದು ಅಂದರೆ ಒಂದಡಿ ಅಗಲ. ಮಳೆ ಬಿದ್ದು ಸಾಬೂನಿನ ಹಾಗೆ ಜಾರುತ್ತಿತ್ತು. ಎರಡೂ ಕಡೆ ಕೆಸರು. ಮಾವ ತಲೆಯ ಮೇಲೆ ಪೈರಿನ ಕಂತೆ ಹೊತ್ತು ಆರಾಮಾಗಿ ಹೋಗುತ್ತಿದ್ದರು. ನಾನು ಬರಿಗೈಯಲ್ಲಿ ಹೋಗಿ ಬೀಳುತ್ತಿದ್ದೆ. ಒಮ್ಮೆ ಕೈಹಿಡಿದು ಎತ್ತಿ ಹೇಳಿದರು: "ಮೊದ್ಲು ಕಾಲು ಕೇಳ್ಬೇಕು ಕಣೋ. ನೆಲ ಹ್ಞೂಂ ಅಂದ್ಮೇಲೆ ಮೈ ಹೋಗ್ಬೇಕು."

ಮೂವತ್ತು ವರ್ಷ ಕಳೆದಮೇಲೆ ಗುರುಗಳು ತೈಜಿ ನಡಿಗೆ ಕಲಿಸಿದಾಗ ಮಾವನ ಈ ಮಾತೇ ಕಿವಿಯಲ್ಲಿತ್ತು. ನಾವು ದಿನಾ ನಡೆಯುವಾಗ ಮೈ ಮುಂದಕ್ಕೆ ಬೀಳುತ್ತದೆ, ಕಾಲು ಓಡಿ ಬಂದು ಹಿಡಿಯುತ್ತದೆ. ತೈಜಿಯಲ್ಲಿ ಕಾಲು ಮೊದಲು ಹೋಗಿ ನೆಲ ಮುಟ್ಟುತ್ತದೆ. ಮೈ ಇನ್ನೂ ಹಿಂದಿನ ಕಾಲಿನ ಮೇಲೇ ಇರುತ್ತದೆ.

ಹೀಗೆ ಮಾಡಿ. ಹಿಮ್ಮಡಿಗಳನ್ನು ಕೂಡಿಸಿ, ಬೆರಳುಗಳನ್ನು ಹೊರಕ್ಕೆ ಮಾಡಿ ನಿಲ್ಲಿ. ತೊಡೆಸಂದಿನಲ್ಲಿ ಸ್ವಲ್ಪ ಕೂರಿ. ಭಾರವನ್ನೆಲ್ಲ ಬಲಗಾಲಿಗೆ ಸಾಗಿಸಿ. ಎಡ ಹಿಮ್ಮಡಿ ಮೊದಲು ಎದ್ದು, ಆಮೇಲೆ ಬೆರಳು ಏಳಲಿ. ಎಡಗಾಲನ್ನು ನೇರ ಮುಂದಕ್ಕೆ, ತನ್ನದೇ ಗೆರೆಯ ಮೇಲೆ ಚಾಚಿ, ಹಿಮ್ಮಡಿಯನ್ನು ನೆಲಕ್ಕೆ ತಾಗಿಸಿ. ತಾಗಿಸುವುದಷ್ಟೇ. ಅಲ್ಲಿ ಒಂದು ಕ್ಷಣ ನಿಂತು ನೋಡಿ: ಈ ಕಾಲನ್ನು ಹಾಗೇ ವಾಪಸ್ ತೆಗೆದುಕೊಳ್ಳಲು ಆಗುತ್ತದಾ? ಆದರೆ ಹೆಜ್ಜೆ ಸರಿ. ಆಗದಿದ್ದರೆ ಹೆಜ್ಜೆ ಉದ್ದವಾಗಿದೆ ಅಥವಾ ಭಾರ ಆಗಲೇ ಮುಂದಕ್ಕೆ ಓಡಿದೆ. ಹೆಜ್ಜೆಯನ್ನು ಗಿಡ್ಡ ಮಾಡಿ.

ಸರಿಯಿದ್ದರೆ ಅಂಗಾಲನ್ನು ಪೂರ್ತಿ ಊರಿ. ಈಗ ಚೆಂಬಿನ ನೀರು ತುಳುಕದ ಹಾಗೆ ಭಾರ ಮುಂದಕ್ಕೆ. ಮುಂದಿನ ಮಂಡಿ ಎರಡನೇ ಬೆರಳಿನ ದಿಕ್ಕಿಗೇ ಹೋಗಬೇಕು, ಒಳಕ್ಕೆ ವಾಲಬಾರದು. ಹಿಂದಿನ ಹಿಮ್ಮಡಿ ನೆಲದಲ್ಲೇ ಇರಲಿ. ಇದು ಬಿಲ್ಲಿನ ನಿಲುವು.

ಇನ್ನು ನನ್ನ ಮಂಡಿ ಹಾಳಾದ ಜಾಗ. ಮುಂದಿನ ಹೆಜ್ಜೆಗೆ ಎಡ ಪಾದ ಹೊರಕ್ಕೆ ತಿರುಗಬೇಕು. ಅದಕ್ಕೆ ಮೊದಲು ಬಲಗಾಲಿನ ಮೇಲೆ ಹಿಂದಕ್ಕೆ ಕೂರಿ. ಎಡ ಪಾದ ಖಾಲಿಯಾಗುತ್ತದೆ, ಬೆರಳು ಏಳುತ್ತದೆ. ಆಗ ಹಿಮ್ಮಡಿಯ ಮೇಲೆ ಪಾದವನ್ನು 45 ಡಿಗ್ರಿಯಷ್ಟು ಹೊರಕ್ಕೆ ತಿರುಗಿಸಿ, ಸೊಂಟವೂ ಜೊತೆಗೆ ತಿರುಗಲಿ. ಪಾದ ಊರಿ, ಭಾರ ಪೂರ್ತಿ ಎಡಕ್ಕೆ ತನ್ನಿ. ಬಲಗಾಲನ್ನು ಹತ್ತಿರ ಎಳೆದುಕೊಂಡು, ಮತ್ತೆ ಮುಂದಕ್ಕೆ ಹಿಮ್ಮಡಿ. ಪಳಗಿದವರು ಕೆಲವರು ಭಾರ ಇಟ್ಟುಕೊಂಡೇ ಪಾದ ತಿರುಗಿಸುತ್ತಾರೆ. ಅವರ ತೊಡೆಸಂದು ಅಷ್ಟು ಬಿಚ್ಚಿಕೊಂಡಿರುತ್ತದೆ. ಮೊದಲ ವರ್ಷ ನೀವು ಅದನ್ನು ಮಾಡಬೇಡಿ.

ಹಾಲ್‌ನ ಈ ತುದಿಯಿಂದ ಆ ತುದಿಗೆ ಹತ್ತು ಹೆಜ್ಜೆ ಹೋಗಲು ಎರಡು ಮೂರು ನಿಮಿಷ ಹಿಡಿಯಬೇಕು. ಕೈ ಸೊಂಟದ ಮೇಲಿರಲಿ. ಮೂರನೇ ತಿಂಗಳಲ್ಲಿ ಕೈಗೆ ಇನ್ನೂ ಕೆಲಸವಿಲ್ಲ.

ನಾಲ್ಕನೇ ತಿಂಗಳು: ನೂಲು ತೆಗೆಯುವ ಕೈ

ತೈಜಿಯ ಹಳೆಯ ಪಾಠಗಳಲ್ಲಿ ಒಂದು ಮಾತು ಬರುತ್ತದೆ: ಗೂಡಿನಿಂದ ರೇಷ್ಮೆ ಎಳೆ ತೆಗೆಯುವ ಹಾಗೆ ಬಲವನ್ನು ಸಾಗಿಸು. ಚೆನ್ ಶೈಲಿಯಲ್ಲಿ ಈ ಅಭ್ಯಾಸಕ್ಕೆ ಚಾನ್ ಸಿ, ಅಂದರೆ ರೇಷ್ಮೆ ಸುತ್ತುವುದು, ಎಂದೇ ಹೆಸರು. ಬೇರೆ ಊರಿನವರಿಗೆ ಇದು ಬರೀ ಹೋಲಿಕೆ. ನಮಗೆ ಹಾಗಲ್ಲ. 1912ರಿಂದ ಮೈಸೂರಿನಲ್ಲಿ ರೇಷ್ಮೆ ನೇಯುವ ಕಾರ್ಖಾನೆ ಇದೆ, ಅದಕ್ಕೆ ಬೇಕಾದ ನೂಲನ್ನು ತಿ. ನರಸೀಪುರದಲ್ಲಿ ತೆಗೆಯುತ್ತಾರೆ.

ಒಮ್ಮೆ ಹಳ್ಳಿಯೊಂದರ ಸಣ್ಣ ರೀಲಿಂಗ್ ಮನೆಯಲ್ಲಿ ಅರ್ಧ ದಿನ ನಿಂತು ನೋಡಿದೆ. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿದ್ದವು. ಒಬ್ಬ ಹೆಂಗಸು ಬೆರಳ ತುದಿಯಿಂದ ಕಣ್ಣಿಗೆ ಕಾಣದ ಎಳೆಗಳನ್ನು ಹುಡುಕಿ, ಏಳೆಂಟು ಎಳೆ ಕೂಡಿಸಿ ಒಂದು ನೂಲು ಮಾಡುತ್ತಿದ್ದರು. ಕೈ ಎಲ್ಲೂ ನಿಲ್ಲುತ್ತಿರಲಿಲ್ಲ, ಎಲ್ಲೂ ಓಡುತ್ತಿರಲಿಲ್ಲ. "ಜಗ್ಗಿದ್ರೆ ಕಿತ್ತೋಗುತ್ತೆ, ಬಿಟ್ರೆ ಸಿಕ್ಕಾಗುತ್ತೆ ಅಣ್ಣ" ಅಂದರು. ನಾನು ಹತ್ತಾರು ಪುಸ್ತಕದಲ್ಲಿ ಓದಿದ್ದು ಅವರ ಬೆರಳಲ್ಲಿತ್ತು.

ಅಭ್ಯಾಸ ಹೀಗೆ. ಭುಜಕ್ಕಿಂತ ಸ್ವಲ್ಪ ಜಾಸ್ತಿ ಅಗಲಕ್ಕೆ ಕಾಲಿಟ್ಟು ನಿಲ್ಲಿ. ಎಡಗೈ ಸೊಂಟದ ಮೇಲೆ. ಬಲಗೈ ಬಲಗಡೆಗೆ ಚಾಚಿರಲಿ, ಬೆರಳು ಕಣ್ಣಿನ ಎತ್ತರಕ್ಕೆ, ಅಂಗೈ ಹೊರಕ್ಕೆ, ಭಾರ ಬಲಗಾಲಿನಲ್ಲಿ. ಈಗ ಮೊಣಕೈ ಇಳಿಸಿ, ಕೈಯನ್ನು ಕೆಳಕ್ಕೆ ಬಿಟ್ಟು, ಹೊಟ್ಟೆಯ ಮುಂದಕ್ಕೆ ತನ್ನಿ. ಅಂಗೈ ನಿಧಾನಕ್ಕೆ ಮೇಲ್ಮುಖವಾಗಿ ಹೊರಳುತ್ತದೆ. ಇದೇ ಹೊತ್ತಿಗೆ ಭಾರ ಎಡಗಾಲಿಗೆ ಸಾಗುತ್ತದೆ. ಕೈ ಎದೆಯ ಮುಂದೆ ಮೇಲೇಳುತ್ತದೆ, ಅಂಗೈ ಮತ್ತೆ ಹೊರಕ್ಕೆ ಹೊರಳುತ್ತದೆ. ಭಾರ ಬಲಕ್ಕೆ ಬರುತ್ತಾ ಕೈಯನ್ನು ಮತ್ತೆ ಬಲಗಡೆಗೆ ಒಯ್ಯುತ್ತದೆ. ಒಂದು ಸುತ್ತು ಮುಗಿಯಿತು.

ಕೈ ಸುತ್ತುವುದು ಭುಜದಿಂದ ಅಲ್ಲ. ಪಾದ ನೆಲವನ್ನು ಒತ್ತುತ್ತದೆ, ಕಾಲು ಸಾಗಿಸುತ್ತದೆ, ಸೊಂಟ ತಿರುಗಿಸುತ್ತದೆ, ಕೈಯಲ್ಲಿ ಅದು ಕಾಣಿಸುತ್ತದೆ. ಪರೀಕ್ಷೆ ಬೇಕಾ? ಸುತ್ತುವಾಗ ಮಧ್ಯದಲ್ಲಿ ಸೊಂಟವನ್ನು ನಿಲ್ಲಿಸಿ. ಕೈಯೂ ಅಲ್ಲೇ ನಿಲ್ಲಬೇಕು. ಕೈ ಮುಂದೆ ಹೋದರೆ ಅದು ಸ್ವಂತ ಓಡಾಡುತ್ತಿದೆ ಎಂದರ್ಥ. ಬಲಗೈ 15 ಸುತ್ತು, ಎಡಗೈ 15 ಸುತ್ತು. ಅವಸರವಾದರೆ ಆ ಹೆಂಗಸಿನ ಮಾತು ನೆನಪು ಮಾಡಿಕೊಳ್ಳಿ.

ಐದು, ಆರನೇ ತಿಂಗಳು: ವರಸೆ

ಈಗ ವರಸೆ ಕಲಿಯಬಹುದು. ಪೂರ್ತಿ 24 ಭಂಗಿ ಮಾಡಲು ಐದಾರು ನಿಮಿಷ ಸಾಕು, ಕಲಿಯಲು ಮಾತ್ರ ತಿಂಗಳುಗಳು ಬೇಕು. ವಾರಕ್ಕೆ ಒಂದೇ ಹೊಸ ಭಂಗಿ. ಅದಕ್ಕಿಂತ ಬೇಗ ಕಲಿಸುವವರನ್ನು ನಾನು ನಂಬುವುದಿಲ್ಲ.

ಒಂದು ಭಂಗಿಯನ್ನು ಹತ್ತಿರದಿಂದ ನೋಡೋಣ. ಆರಂಭದ ನಂತರ ಬರುವುದು ‘ಕಾಡುಕುದುರೆಯ ಕೇಸರ ಸೀಳುವುದು’. ಬಲಗಾಲಿನ ಮೇಲೆ ಪೂರ್ತಿ ಭಾರ. ಎಡ ಪಾದ ಪಕ್ಕದಲ್ಲಿ ಬೆರಳ ತುದಿಯಲ್ಲಿ. ಬಲಗೈ ಎದೆಯ ಮುಂದೆ ಅಂಗೈ ಕೆಳಗೆ, ಎಡಗೈ ಹೊಟ್ಟೆಯ ಮುಂದೆ ಅಂಗೈ ಮೇಲೆ. ನಡುವೆ ಒಂದು ಕುಂಬಳಕಾಯಿ ಹಿಡಿದ ಹಾಗೆ. ಎಡಗಾಲಿನ ಹಿಮ್ಮಡಿಯನ್ನು ಎಡ ಮುಂದಕ್ಕೆ ತಾಗಿಸಿ. ಕೈ ಇನ್ನೂ ಅಲುಗುವುದಿಲ್ಲ. ಅಂಗಾಲು ಊರಿ ಭಾರ ಮುಂದಕ್ಕೆ ಸಾಗಿದಂತೆ ಸೊಂಟ ಎಡಕ್ಕೆ ತಿರುಗುತ್ತದೆ. ಆಗ ಎಡಗೈ ಕಣ್ಣಿನ ಎತ್ತರಕ್ಕೆ ಓರೆಯಾಗಿ ಏಳುತ್ತದೆ, ಬಲಗೈ ಬಲ ಸೊಂಟದ ಪಕ್ಕಕ್ಕೆ ಇಳಿಯುತ್ತದೆ. ಭಾರ ನಿಂತಾಗ ಕೈಯೂ ನಿಲ್ಲಬೇಕು. ಒಟ್ಟಿಗೆ ಶುರು, ಒಟ್ಟಿಗೆ ಮುಗಿಯುವುದು. ಯಾಂಗ್ ಚೆಂಗ್‌ಫುವಿನ ಇನ್ನೊಂದು ಸೂತ್ರ ಇದು: ಮೇಲಿನ ಮೈ, ಕೆಳಗಿನ ಮೈ ಒಂದನ್ನೊಂದು ಹಿಂಬಾಲಿಸಲಿ.

ಎಂಟರಲ್ಲಿ ಏಳು ಜನ ಇಲ್ಲಿ ಕೈಯನ್ನು ಮೊದಲು ಎತ್ತಿಬಿಡುತ್ತಾರೆ. ಅದಕ್ಕೆ ಮದ್ದು: ಒಂದು ವಾರ ಕೈ ಕಟ್ಟಿಕೊಂಡು ಬರೀ ಕಾಲು ಮಾಡುವುದು.

ಆಮೇಲೆ ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು, ಮಂಡಿ ಸವರಿ ತಳ್ಳುವುದು, ಕೋತಿಯನ್ನು ಹಿಮ್ಮೆಟ್ಟಿಸುವುದು, ಗುಬ್ಬಿಯ ಬಾಲ ಹಿಡಿಯುವುದು, ಮೋಡದ ಕೈ ಎಂದು ಮುಂದುವರಿಯುತ್ತದೆ. ಇವುಗಳಲ್ಲಿ ಮೋಡದ ಕೈಯನ್ನು ಮಾತ್ರ ಬೇರೆಯಾಗಿ ದಿನಾ ಮಾಡಿ. ಅದು ನೂಲು ತೆಗೆಯುವ ಅಭ್ಯಾಸವೇ, ಎರಡು ಕೈಯಲ್ಲಿ, ಪಕ್ಕಕ್ಕೆ ನಡೆಯುತ್ತಾ. ಹಾವು ತೆವಳುವ ತಗ್ಗಿನ ಭಂಗಿಯನ್ನು ಐವತ್ತು ದಾಟಿದವರು ಅರ್ಧಕ್ಕೇ ನಿಲ್ಲಿಸಿದರೂ ಯಾವ ನಷ್ಟವೂ ಇಲ್ಲ.

ಜೊತೆಗಾರರೊಂದಿಗೆ

ಒಬ್ಬರೇ ಮಾಡುವಾಗ ನಾವು ಸಡಿಲವಾಗಿದ್ದೇವೆ ಎಂದು ನಂಬಿರುತ್ತೇವೆ. ಇನ್ನೊಬ್ಬರ ಕೈ ತಾಗಿದಾಗ ನಿಜ ಗೊತ್ತಾಗುತ್ತದೆ. ಇದಕ್ಕೆ ತುಯ್ ಶೌ, ಅಂದರೆ ತಳ್ಳುವ ಕೈ, ಎನ್ನುತ್ತಾರೆ. ಇಬ್ಬರೂ ಬಲಗಾಲು ಮುಂದಿಟ್ಟು ಎದುರುಬದುರು ನಿಂತು, ಬಲ ಮಣಿಕಟ್ಟಿನ ಹಿಂಬದಿ ತಾಗಿಸಿ. ಒಬ್ಬರು ಎದೆಯ ಕಡೆಗೆ ನಿಧಾನಕ್ಕೆ ತಳ್ಳಲಿ. ಇನ್ನೊಬ್ಬರು ಎದುರಿಸಬಾರದು, ಓಡಲೂ ಬಾರದು. ಹಿಂದಿನ ಕಾಲಿನ ಮೇಲೆ ಕೂತು, ಸೊಂಟ ತಿರುಗಿಸಿ, ಆ ಬಲವನ್ನು ಪಕ್ಕಕ್ಕೆ ಸಾಗಹಾಕಬೇಕು. ಆಮೇಲೆ ಅವರ ಸರದಿ. ಮಣಿಕಟ್ಟುಗಳು ಒಂದು ಕ್ಷಣವೂ ಬಿಡಬಾರದು, ಜೋರಾಗಿ ಒತ್ತಲೂ ಬಾರದು. ಒಂದು ರೊಟ್ಟಿಯ ಭಾರದಷ್ಟು ತಾಗಿದ್ದರೆ ಸಾಕು.

ನಮ್ಮ ಊರಿನ ಗರಡಿಯೊಂದರ ಹಿರಿಯ ಪೈಲ್ವಾನರ ಜೊತೆ ಒಮ್ಮೆ ಇದನ್ನು ಮಾಡಿದೆ. ಅವರಿಗೆ ತೈಜಿ ಗೊತ್ತಿಲ್ಲ. ಮಟ್ಟಿಯಲ್ಲಿ ನಲವತ್ತು ವರ್ಷ ಹೊರಳಿದವರು. ಮೂರನೇ ಸುತ್ತಿನಲ್ಲಿ ನಾನು ನೆಲದ ಮೇಲಿದ್ದೆ. "ಏನ್ ಮಾಡಿದ್ರಿ ಪೈಲ್ವಾನ್ರೇ?" ಅಂದೆ. "ನಾನೇನೂ ಮಾಡ್ಲಿಲ್ಲ ಸಾರ್. ನೀವು ತಳ್ಳೋಕ್ ಮುಂಚೆ ನಿಮ್ ಭುಜ ಬಂದ್ ಹೇಳ್ಬಿಡ್ತದೆ" ಅಂದರು. ಅವತ್ತಿಂದ ನಾನು ಭುಜವನ್ನು ಬೇರೆಯೇ ಗಮನ ಕೊಟ್ಟು ನೋಡುತ್ತೇನೆ. ಗರಡಿಯವರು ಹತ್ತಿರ ಇದ್ದರೆ ಹೋಗಿ ಕೈ ತಾಗಿಸಿ ಬನ್ನಿ, ಗೌರವದಿಂದ ಕೇಳಿದರೆ ಖುಷಿಯಿಂದ ಹೇಳಿಕೊಡುತ್ತಾರೆ.

ಚೀನೀಯರಲ್ಲಿ ಒಂದು ಮಾತಿದೆ: ನಾಲ್ಕು ಲಿಯಾಂಗ್ ಬಲದಿಂದ ಸಾವಿರ ಜಿನ್ ಭಾರ ತಿರುಗಿಸು. ಲಿಯಾಂಗ್, ಜಿನ್ ಎಂಬುವು ನಮ್ಮ ತೊಲ, ಸೇರಿನ ಹಾಗೆ ಅಲ್ಲಿನ ತೂಕಗಳು. ಈಗಿನ ಲೆಕ್ಕದಲ್ಲಿ 200 ಗ್ರಾಂನಿಂದ 500 ಕೆಜಿ. ಇದರಲ್ಲಿ ಪವಾಡ ಏನಿಲ್ಲ. ಬರುವ ಬಲದ ಎದುರು ನಿಲ್ಲದೆ ಅದರ ಪಕ್ಕದಲ್ಲಿ ಇದ್ದರೆ ಸ್ವಲ್ಪ ಬಲ ಸಾಕು. ಆದರೆ ಪಕ್ಕಕ್ಕೆ ಹೋಗಲು ಒಂದು ಕಾಲು ಖಾಲಿ ಇರಬೇಕಲ್ಲ.

ಯಾರು ಎಚ್ಚರ ವಹಿಸಬೇಕು

ಮಂಡಿ, ಸೊಂಟದ ಆಪರೇಷನ್ ಆದವರು, ತಲೆಸುತ್ತು ಇರುವವರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಶುರುಮಾಡಿ. ವಯಸ್ಸಾದವರು ಕುರ್ಚಿಯ ಬೆನ್ನು ಹಿಡಿದು ಭಾರ ಬದಲಿಸುವ ಅಭ್ಯಾಸ ಮಾಡಬಹುದು. ತೈಚಿ ಎಲ್ಲ ಕಾಯಿಲೆಯನ್ನೂ ವಾಸಿಮಾಡುತ್ತದೆ ಎನ್ನುವವರ ಮಾತು ಕೇಳಬೇಡಿ. ಆದರೆ ಸಮತೋಲನದ ವಿಷಯದಲ್ಲಿ ಗಟ್ಟಿ ಆಧಾರ ಇದೆ. ಪಾರ್ಕಿನ್ಸನ್ ಕಾಯಿಲೆಯ 195 ಜನರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗವೊಂದು 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ದಿನ, ಒಂದೊಂದು ಗಂಟೆ, 24 ವಾರ. ತೂಕ ಎತ್ತುವ ವ್ಯಾಯಾಮ ಮಾಡಿದವರಿಗಿಂತ, ಮೈ ಚಾಚುವ ವ್ಯಾಯಾಮ ಮಾಡಿದವರಿಗಿಂತ ತೈಚಿ ಮಾಡಿದವರ ಸಮತೋಲನ ಚೆನ್ನಾಗಿತ್ತು. ನನ್ನ ಗುಂಪಿನ ಹಿರಿಯರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ. ಬಚ್ಚಲುಮನೆಯಲ್ಲಿ ಜಾರಿ ಬೀಳದಿರುವುದು ದೊಡ್ಡ ವಿಷಯ.

ದಿನದ ಲೆಕ್ಕ, ಮತ್ತೆ ಗುರು

ಆರು ತಿಂಗಳು ತುಂಬುವ ಹೊತ್ತಿಗೆ ದಿನಕ್ಕೆ 35 ನಿಮಿಷ ಸಾಕು: ಕೀಲು ಸಡಿಲಿಸಲು ಐದು, ನಿಲ್ಲಲು ಹತ್ತು, ನಡೆಯಲು ಐದು, ನೂಲಿನ ಕೈ ಐದು, ವರಸೆಗೆ ಹತ್ತು. ಹೊತ್ತು ಇಲ್ಲದ ದಿನ ವರಸೆ ಬಿಡಿ, ನಿಲ್ಲುವುದನ್ನು ಬಿಡಬೇಡಿ. ಮುಗಿಸಿದ ತಕ್ಷಣ ಕೂರಬೇಡಿ. ನಾಲ್ಕು ಹೆಜ್ಜೆ ಓಡಾಡಿ, ಬೆವರು ಒರೆಸಿಕೊಂಡು, ಆಮೇಲೆ ಕಾಫಿ ಕುಡಿಯಿರಿ.

ಬರಹ ಓದಿ ಇಷ್ಟು ದೂರ ಬರಬಹುದು. ವರಸೆಗೆ ಮಾತ್ರ ತಿದ್ದುವ ಕಣ್ಣು ಬೇಕು. ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಯಾರಾದರೂ ಕಲಿಸುತ್ತಾರೆ ಎಂದು ಗೊತ್ತಾದರೆ ಮೊದಲು ಹೋಗಿ ಒಂದು ದಿನ ಪಕ್ಕದಲ್ಲಿ ನಿಂತು ನೋಡಿ. ಅವರ ಹಳೆಯ ವಿದ್ಯಾರ್ಥಿಗಳಿಗೆ ಮಂಡಿ ನೋವು ಇದೆಯಾ ಎಂದು ನೇರವಾಗಿ ಕೇಳಿ. ಮುಂದಿಟ್ಟ ಕಾಲನ್ನು ಹಾಗೇ ವಾಪಸ್ ತೆಗೆದುಕೊಳ್ಳಲು ಅವರಿಗೆ ಬರುತ್ತದಾ ಗಮನಿಸಿ. ಮೊದಲ ಕ್ಲಾಸಿನಲ್ಲಿ ನಿಮ್ಮ ಕೈ ತಿದ್ದುತ್ತಾರೋ ಪಾದ ತಿದ್ದುತ್ತಾರೋ ನೋಡಿ. ಪಾದ ತಿದ್ದಿದರೆ ಮಾರನೇ ದಿನವೂ ಹೋಗಿ.